ಅತಿಥಿಗಳ ಮೆತ್ತೆ

ಆಂದೋಂಗ್
೨೮ ಸೆಪ್ಟೆಂಬರ್ ೨೦೧೮

ಬೊಕ್‌ನಿಮ್ ಅಕ್ಕನಿಗೆ,

ನಮ್ಮ ಒಪ್ಪಂದ ನೆನಪಿದೆಯಲ್ಲ? ಉಪದೇಶ ಇಲ್ಲ, ಸಮಾಧಾನ ಇಲ್ಲ, ಬರೀ ಬೈಗುಳ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ನಮ್ಮಂಥವರನ್ನೆಲ್ಲ ವಸಂತದಲ್ಲಿ ಶಿಬಿರಕ್ಕೆ ಕರೆದಿದ್ದರಲ್ಲ, ಅಲ್ಲಿ ಆ ಟೀಚರಮ್ಮ "ಕಣ್ಣು ಮುಚ್ಚಿ, ಒಂದು ಹೂವನ್ನ ನೆನೆಸ್ಕೊಳ್ಳಿ" ಅಂದಾಗ ನೀವು ನನ್ನ ಕಿವಿಯಲ್ಲಿ "ಹೂವಂತೆ ಹೂವು, ಇವಳ ತಲೆ" ಅಂದಿರಿ. ಅವತ್ತೇ ನೀವು ನನಗೆ ಅಕ್ಕ ಆದಿರಿ. ಫೋನಿನಲ್ಲೇ ಬೈದುಕೊಳ್ಳೋಣವೆಂದರೆ, ಈ ಮನೆಯಲ್ಲಿ ಫೋನು ಸದ್ದು ಮಾಡಿದರೆ ಸಾಕು, ಸತ್ತ ಮಗನೇ ಮಾಡಿದ್ದಾನೆಂದು ಅತ್ತೆ ಓಡಿಬಂದು ಕಿತ್ತುಕೊಳ್ಳುತ್ತಾರೆ. ನನ್ನ ಗಂಡ ಹೋಗಿ ನಾಲ್ಕು ವರ್ಷವಾಯಿತೆಂದು ಅವರಿಗೆ ದಿನಾ ಹೊಸದಾಗಿ ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಪತ್ರ.

ಈ ಸಲದ ಬೈಗುಳ ನನ್ನ ನಾದಿನಿಗೆ. ಹುಣ್ಣಿಮೆ ಹಬ್ಬಕ್ಕೆ ದೇಗುವಿನಿಂದ ಬಂದಳು. ಅತ್ತೆ ಎದ್ದು ಹೋಗಿ ಬಾಗಿಲಲ್ಲೇ ಬರಮಾಡಿಕೊಂಡರು. ಅತಿಥಿಗಳಿಗೆಂದೇ ಎತ್ತಿಟ್ಟಿರುವ ರೇಷ್ಮೆಯ ಮೆತ್ತೆ ಹಾಕಿದರು. ಅವಳೊಬ್ಬಳಿಗೇ ಬೇರೆ ಪುಟ್ಟ ಮೇಜಿನಲ್ಲಿ ಊಟ ಜೋಡಿಸಿ ತಾವೇ ಹೊತ್ತು ತಂದರು. ಹೊರಟಾಗ ಅಂಗಳದ ಬಾಗಿಲವರೆಗೂ ಹೋಗಿ ಬೀಳ್ಕೊಟ್ಟರು. ನಾದಿನಿ ಕಾರಿನ ಕಿಟಕಿ ಇಳಿಸಿ ನನಗೆ ಹೇಳಿದ್ದು ಕೇಳಿ: "ಅತ್ತಿಗೆ, ಅಮ್ಮ ಎಷ್ಟ್ ಚೆನ್ನಾಗಿದ್ದಾರೆ! ನೀವು ಫೋನಲ್ಲಿ ಅಳೋದ್ ಕೇಳಿ ನಾನು ಏನೇನೋ ಅನ್ಕೊಂಡಿದ್ದೆ."

ಚೆನ್ನಾಗಿದ್ದಾರಂತೆ. ಹೆತ್ತ ಮಗಳಿಗೆ ಯಾವ ತಾಯಿ ಬೇರೆ ಮೇಜು ಹಾಕಿ ಬಡಿಸುತ್ತಾಳೆ? ಅತ್ತೆಗೆ ಅವಳ ಗುರುತೇ ಹತ್ತಲಿಲ್ಲ ಅಕ್ಕ. ಯಾರೋ ದೊಡ್ಡ ಮನೆಯವರು ಬಂದಿದ್ದಾರೆಂದು ಅಷ್ಟು ಮರ್ಯಾದೆ. ಈ ವಂಶದ ಹಿರಿ ಸೊಸೆಯಾಗಿ ಐವತ್ತು ವರ್ಷ ಬಂದವರನ್ನು ಸತ್ಕರಿಸಿದ ಕೈ ಅದು. ತಲೆಯಲ್ಲಿದ್ದುದೆಲ್ಲ ಹೋಗಿ ಅದೊಂದು ಉಳಿದಿದೆ. ಆ ಮೇಜಿನ ಮೇಲಿದ್ದುದೇನು ಗೊತ್ತೇ? ಅನ್ನದ ಬಟ್ಟಲಿನಲ್ಲಿ ಹಸಿ ಅಕ್ಕಿ, ಸಾರಿನ ಬಟ್ಟಲಿನಲ್ಲಿ ಪಾತ್ರೆ ತೊಳೆದ ನೀರು. ಅಡುಗೆಮನೆಯ ಬಾಗಿಲಲ್ಲೇ ಹಿಡಿದು, ಬಟ್ಟಲು ಬದಲಾಯಿಸಿ ಕಳಿಸಿದವಳು ನಾನು. ಅಂಥ ಊಟ ಈ ಮನೆಯ ಅತಿಥಿಯ ಮುಂದೆ ಹೋಗಬಾರದು, ಅಷ್ಟೆ.

ನಾದಿನಿಗೆ ಹೇಳಲು ಬಾಯಿ ತೆರೆದೆ. ಹಬ್ಬದ ದಿನ "ನಿಮ್ಮಮ್ಮನಿಗೆ ನೀವು ಯಾರೆಂದೇ ಗೊತ್ತಿಲ್ಲ" ಎಂದು ಹೇಗೆ ಹೇಳುವುದು? ನುಂಗಿಕೊಂಡೆ.

ಕಾಯಿಲೆ ಎಷ್ಟು ಹೆಚ್ಚಿದೆಯೆಂದು ನೋಡಿ ಸರ್ಕಾರ ಕೊಡುವ ಆರೈಕೆ ದರ್ಜೆಗೆ ಅರ್ಜಿ ಹಾಕಿದ್ದೇನೆ. ಮುಂದಿನ ತಿಂಗಳು ಅಧಿಕಾರಿ ಮನೆಗೆ ಬಂದು ಅತ್ತೆಯನ್ನು ಪರೀಕ್ಷಿಸುತ್ತಾರೆ. ದರ್ಜೆ ಸಿಕ್ಕರೆ ಅತ್ತೆಯನ್ನು ಕೆಲವು ದಿನ ಆರೈಕೆ ಕೇಂದ್ರದಲ್ಲಿ ಬಿಡಬಹುದು. ನನಗೆ ಆ ಕೆಲವು ದಿನ ಬೇಕೇ ಬೇಕು.

ಮಿರಾನ್


ವಾಂದೊ
೬ ಅಕ್ಟೋಬರ್ ೨೦೧೮

ಮಿರಾನ್,

ನಿನ್ನ ನಾದಿನಿಯ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ಪಂಚರ್ ಆಗಲಿ. ದೂರದ ಬೆಟ್ಟ ನುಣ್ಣಗೆ. ಹಬ್ಬಕ್ಕೊಂದು ಸಲ ಬಂದು ಹೋಗುವವರಿಗೆ ಎಲ್ಲರ ಅಮ್ಮಂದಿರೂ ಚೆನ್ನಾಗಿಯೇ ಇರುತ್ತಾರೆ. ಅವಳಿಗೆ ಇಷ್ಟು ಸಾಕು.

ಈಗ ನನ್ನ ಗಂಡ ಮುದುಕಪ್ಪನ ಸುದ್ದಿ ಕೇಳು. ಕಡಲಪಾಚಿ ಬೆಳೆದು ಮುದುಕನಾದವನಲ್ಲವೇ, ಮನೆಯಲ್ಲಿರುವ ಹೊದಿಕೆಗಳನ್ನೆಲ್ಲ ಅಂಗಳಕ್ಕೆ ಎಳೆದು ಒಣಗಲು ಹರಡುತ್ತಾನೆ. ಮಡಿಸಿ ಒಳಗಿಟ್ಟರೆ, "ಕಳ್ಳಿ, ನನ್ನ ಫಸಲು ಎಲ್ಲಿಗ್ ಹೊತ್ಕೊಂಡ್ ಹೋಗ್ತೀಯಾ?" ಎಂದು ಕೂಗಾಡುತ್ತಾನೆ. ಊರಿಗೆಲ್ಲ ನಾನು ಕಳ್ಳಿ. ಆದರೂ ಹೇಳುತ್ತೇನೆ, ಇವನನ್ನು ನಾನು ಯಾರ ಕೈಗೂ ಕೊಡುವವಳಲ್ಲ. ಶಿಬಿರದಲ್ಲಿ ಆ ಗುನ್ಸಾನಿನ ಹೆಂಗಸು, ಗಂಡನನ್ನು ಆರೈಕೆ ಮನೆಗೆ ಸೇರಿಸಿ ಬಂದು ಮೂಗು ಒರೆಸುತ್ತ ಕೂತಿದ್ದಳಲ್ಲ, ಅವಳಿಗೆ ಎಲ್ಲರೆದುರಿಗೆ "ಹೆಂಡ್ತೀನಾ ನೀನು?" ಅಂದೆ. ಅಂದದ್ದು ಅಂದಾಯಿತು.

ಅದಿರಲಿ, ಕೆಲವು ದಿನ ಬೇಕೇ ಬೇಕು ಅಂತೀಯಲ್ಲ, ಎಲ್ಲಿಗಮ್ಮ ಸವಾರಿ? ಬೆಟ್ಟದಲ್ಲಿ ಎಲೆ ಕೆಂಪಾಗುವುದನ್ನು ನೋಡುವುದಕ್ಕೋ? ಹೋಗು, ಹೋಗು. ಬಣ್ಣದ ಜಾಕೀಟು ಹಾಕಿಕೊಂಡು ಹೋಗು.

ಬೊಕ್‌ನಿಮ್


ಆಂದೋಂಗ್
೧೭ ಅಕ್ಟೋಬರ್ ೨೦೧೮

ಅಕ್ಕ,

ಅಧಿಕಾರಿ ಬಂದು ಹೋದರು. ಯಾರನ್ನು ಬೈಯಬೇಕೋ ತಿಳಿಯುತ್ತಿಲ್ಲ.

ಹಿಂದಿನ ದಿನವೇ ಮನೆಯೆಲ್ಲ ಒರೆಸಿದೆ. ಬಾಗಿಲ ಚೌಕಟ್ಟುಗಳಿಗೆ ಹೊದಿಸಿದ ಕಾಗದದಲ್ಲಿ ಅತ್ತೆ ಬೆರಳು ತೂರಿಸಿ ಮಾಡಿದ ತೂತುಗಳಿಗೆಲ್ಲ ಹೊಸ ಕಾಗದ ಅಂಟಿಸಿದೆ. ಅತ್ತೆಗೆ ಸ್ನಾನ ಮಾಡಿಸಿ, ತಲೆ ಬಾಚಿ ಗಂಟು ಹಾಕಿ, ತಿಳಿ ಹಸಿರು ಹನ್‌ಬೊಕ್ ಉಡಿಸಿದೆ. ಹೊರಗಿನವರು ಬರುವಾಗ ಮನೆಯೊಡತಿಯನ್ನು ಹೇಗೆಂದರೆ ಹಾಗೆ ಕೂರಿಸಲು ಆಗುತ್ತದೆಯೇ?

ಬಂದವಳು ಚಿಕ್ಕ ವಯಸ್ಸಿನವಳು. ಅತ್ತೆ ನೆಟ್ಟಗೆ ಕೂತರು. "ಈಗ ಯಾವ ಕಾಲ ಅಜ್ಜಿ?" ಎಂದರೆ, "ಅಂಗಳದ ಮರದಲ್ಲಿ ಹಣ್ಣು ಕೆಂಪಗಾಗಿದೆ, ಬರೋವಾಗ ನೋಡ್ಲಿಲ್ವಾ?" "ನಿಮ್ಮ ವಯಸ್ಸೆಷ್ಟು?" "ಹೆಂಗಸ್ರ ವಯಸ್ಸು ಕೇಳ್ಬಾರ್ದು ಅಂತ ನಿಮ್ಮನೇಲಿ ಹೇಳ್ಕೊಟ್ಟಿಲ್ವಾ ಮಗು?" ಹುಡುಗಿ ನಕ್ಕಳು, ಬರೆದುಕೊಂಡಳು. "ದೂರದಿಂದ ಬಂದಿದ್ದೀರಿ, ಬಾಯಾರಿರ್ತೀರಿ" ಎಂದು ಅತ್ತೆ ನನ್ನ ಕಡೆ ಕೈ ಮಾಡಿದರು. ನಾನು ಒಳಗಿನಿಂದ ಅಕ್ಕಿಯ ಸಿಹಿ ಪಾನಕ ತಂದೆ. ತಂದು ಕೂರುವಾಗ ನೋಡುತ್ತೇನೆ, ಅತ್ತೆ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಾರೆ. ರೇಷ್ಮೆ ಮೆತ್ತೆಯಲ್ಲಿ ನೀರು ಹರಡುತ್ತಿದೆ. ಮುಖದಲ್ಲಿ ಒಂದಿಷ್ಟೂ ಬದಲಾವಣೆಯಿಲ್ಲ. ನಾನು ಅವರ ಪಕ್ಕಕ್ಕೆ ಸರಿದು ನನ್ನ ಲಂಗವನ್ನು ಅದರ ಮೇಲೆ ಹರಡಿ ಕೂತೆ. ಹುಡುಗಿಗೆ ಏನೂ ಕಾಣಲಿಲ್ಲ. "ನಿಮ್ಮತ್ತೆ ನಿಜವಾಗ್ಲೂ ಗಟ್ಟಿಗಿತ್ತಿ" ಎಂದು ಹೇಳಿ ಹೋದಳು.

ಅವಳು ಹೋದ ಮೇಲೆ ಅತ್ತೆ ಸೌಟು ತೆಗೆದುಕೊಂಡು ನನ್ನ ಬೆನ್ನಿಗೆ ಬಾರಿಸಿದರು. ಅತಿಥಿಗಳ ಸಮಕ್ಕೆ ಕೆಲಸದವಳು ಕೂತಳಂತೆ. ನಾನು ಅವರಿಗೆ ಅಡುಗೆಮನೆಯ ಕೆಲಸದವಳು, ಅಕ್ಕ.

ದರ್ಜೆ ಸಿಗುವುದಿಲ್ಲವೆಂದು ನನಗೆ ಗೊತ್ತು.

ಮಿರಾನ್


ವಾಂದೊ
೨೩ ಅಕ್ಟೋಬರ್ ೨೦೧೮

ಏ ಮಿರಾನ್,

ನಿನಗೆ ಬುದ್ಧಿ ಇದೆಯೇನೇ? ಒಪ್ಪಂದ ಹಾಳಾಗಿ ಹೋಗಲಿ, ಇವತ್ತು ಬೈಗುಳ ನಿನಗೇ.

ಆ ಒದ್ದೆ ಮೆತ್ತೆಯೇ ನಿನ್ನ ದರ್ಜೆ ಕಣೇ! ಮೂಗಿನ ಮುಂದೆಯೇ ಬಂದು ಬಿದ್ದಿತ್ತು. ಅದರ ಮೇಲೆ ಹೋಗಿ ಲಂಗ ಹರಡಿ ಕೂತೆಯಲ್ಲ, ಮಹಾರಾಣಿ! ಬಾಗಿಲಿಗೆ ಕಾಗದ ಅಂಟಿಸಿದಳಂತೆ. ಬೆಂಕಿ ಬಿದ್ದಿದೆ ಬನ್ನಿ ಎಂದು ನೀನೇ ಕೂಗಿ ಕರೆದು, ಬಂದವರಿಗೆ ಉರಿ ಕಾಣದ ಹಾಗೆ ಪರದೆ ಕಟ್ಟುತ್ತೀಯಾ?

ನಿನ್ನ ನಾದಿನಿಯನ್ನು ಬೈದೆ, ವಾಪಸು ತೆಗೆದುಕೊಳ್ಳುತ್ತೇನೆ. ಅವಳಿಗೆ ಹೇಗೆ ತಿಳಿಯಬೇಕು? ಹಸಿ ಅಕ್ಕಿ ಬದಲಾಯಿಸಿ ಬಿಸಿ ಅನ್ನ ಕಳಿಸಿದವಳು ನೀನು. ಮುದುಕಿಗೆ ಮರೆವು, ಸರಿ. ಆ ಮರೆವನ್ನು ಊರಿನ ಕಣ್ಣಿಂದ ಮುಚ್ಚಿಟ್ಟಿರುವುದು ನಿನ್ನ ಕೈ. ಅಷ್ಟು ಚೆನ್ನಾಗಿ ಮುಚ್ಚುತ್ತೀಯೆಂದರೆ ಸಹಾಯ ಯಾಕೆ ಬೇಕಮ್ಮ ನಿನಗೆ? ಆ ವಂಶದ ಮರ್ಯಾದೆಯನ್ನೇ ಬೇಯಿಸಿಕೊಂಡು ತಿನ್ನು.

ನನ್ನನ್ನು ನೋಡಿ ಕಲಿ. ನನ್ನ ಗಂಡ ಬೀದಿಯಲ್ಲಿ ಕಳ್ಳಿ ಅಂದರೂ ನಾನು ಮುಚ್ಚಿಡಲಿಲ್ಲ.

ಬೊಕ್‌ನಿಮ್


ಆಂದೋಂಗ್
೫ ನವೆಂಬರ್ ೨೦೧೮

ಬೊಕ್‌ನಿಮ್ ಅಕ್ಕನವರಿಗೆ,

ಕಚೇರಿಯ ಉತ್ತರ ಬಂತು. ದರ್ಜೆ ಇಲ್ಲ. ನಿಮಗೆ ಸಂತೋಷವಾಯಿತೇ?

ನಿಮ್ಮ ಪತ್ರ ಓದಿ ಒಲೆಗೆ ಹಾಕಿದೆ. ಎಲೆ ನೋಡಲು ಹೋಗುತ್ತೀಯಾ ಎಂದು ಕೇಳಿದಿರಲ್ಲ ಆವತ್ತು, ಆಗಲೇ ಹೇಳಬೇಕಿತ್ತು. ಹೇಳಿದರೆ ಸಮಾಧಾನ ಮಾಡಲು ಕೂರುತ್ತೀರಿ, ನನಗೆ ಸಮಾಧಾನ ಬೇಡ ಎಂದು ಸುಮ್ಮನಿದ್ದೆ. ಈಗ ಕೇಳಿ. ಉಲ್ಜಿನ್‌ನಲ್ಲಿ ನನ್ನ ತಾಯಿ ಸಾಯುತ್ತಿದ್ದಾಳೆ. ನನ್ನ ಹೆತ್ತ ತಾಯಿ. ಈಲಿಯಲ್ಲಿ ಗಡ್ಡೆ. ಇನ್ನು ಮಾಡುವಂಥದ್ದೇನಿಲ್ಲ ಎಂದು ಆಸ್ಪತ್ರೆಯವರು ಆಗಸ್ಟ್‌ನಲ್ಲೇ ಮನೆಗೆ ಕಳಿಸಿದರು. ನನ್ನ ತಮ್ಮ ಏಡಿ ಹಿಡಿಯುವ ದೋಣಿಗೆ ಹೋಗುವಾಗ ಪಕ್ಕದ ಮನೆಯವರು ಬಂದು ನೋಡುತ್ತಾರಂತೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಹೋಗಲಾಗಿಲ್ಲ. ಯಾರೋ ಹೆತ್ತವಳ ಉಚ್ಚೆ ಒರೆಸುತ್ತ ಕೂತಿದ್ದೇನೆ, ನನ್ನನ್ನು ಹೆತ್ತವಳಿಗೆ ಒಂದು ಲೋಟ ನೀರು ಕೊಡಲು ನನಗೆ ರಜೆ ಇಲ್ಲ.

ನಾದಿನಿಗೆ ಫೋನ್ ಮಾಡಿ, ಒಂದು ವಾರ ಬನ್ನಿ ಎಂದು ಕೇಳಿದೆ. "ಅಮ್ಮ ಅಷ್ಟು ಗಟ್ಟಿಯಾಗಿದ್ದಾರಲ್ಲ ಅತ್ತಿಗೆ, ಪಕ್ಕದೋರಿಗೆ ಹೇಳಿ ಹೋಗ್ಬನ್ನಿ" ಅಂದಳು. ನಮ್ಮಂಥವರದೇ ಇಲ್ಲಿಯ ಸಂಘದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಬಂದು ಎರಡು ಗಂಟೆ ಕೂರುತ್ತಾರೆ, ಪುಣ್ಯಾತ್ಗಿತ್ತಿಯರು. ಅವರವರ ಮನೆಯಲ್ಲೂ ಒಬ್ಬೊಬ್ಬರು ಮಲಗಿದ್ದಾರೆ. ಅವರನ್ನು ವಾರಗಟ್ಟಲೆ ಹೇಗೆ ಕೇಳಲಿ?

ಹೌದು, ಮುಚ್ಚಿದೆ. ಈ ಮನೆಗೆ ಬಂದ ದಿನದಿಂದ ಕಲಿತದ್ದೇ ಅದು. ನಿಮ್ಮಷ್ಟು ಗಟ್ಟಿ ಎದೆ ನನಗಿಲ್ಲ. ಎಂಥ ಗಂಡನನ್ನೂ ಯಾರ ಕೈಗೂ ಕೊಡದ ಸತಿ ನೀವು. ನಿಮ್ಮ ಪತ್ರ ಬಂದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಇನ್ನು ಬರೆಯಬೇಡಿ.

ಗೂ ಮಿರಾನ್


ವಾಂದೊ
೧೦ ನವೆಂಬರ್ ೨೦೧೮

ಮಿರಾನ್,

ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ. ಬರುತ್ತೇನೆ. ಹತ್ತೊಂಬತ್ತನೆಯ ತಾರೀಕು ಸಂಜೆಯ ಬಸ್ಸು.

ನಿಮ್ಮತ್ತೆ ಅತಿಥಿಗಳಿದ್ದರೆ ನೆಟ್ಟಗಿರುತ್ತಾರಲ್ಲ? ನಾನೇ ಅತಿಥಿ. ವಾರವೆಲ್ಲ ಕೂತು ಸತ್ಕಾರ ಮಾಡಿಸಿಕೊಳ್ಳುತ್ತೇನೆ. ನೀನು ನಿನ್ನಮ್ಮನ ಹತ್ತಿರ ಹೋಗು. ನನ್ನ ಮುದುಕಪ್ಪನಿಗೆ ಇಲ್ಲಿ ಜನ ಇದ್ದಾರೆ, ಆ ವಿಷಯ ನಿನಗೆ ಬೇಡ.

ಮನೆ ಒರೆಸಿಟ್ಟೆಯೋ, ಬಂದ ಬಸ್ಸಿಗೇ ವಾಪಸು ಹೋಗುತ್ತೇನೆ.

ಬೊಕ್‌ನಿಮ್


ಉಲ್ಜಿನ್
೨೨ ನವೆಂಬರ್ ೨೦೧೮

ಬೊಕ್‌ನಿಮ್ ಅಕ್ಕ,

ಅಮ್ಮ ಇದ್ದಾಳೆ. ಕೈ ಹಿಡಿದರೆ ಕಡ್ಡಿ ಹಿಡಿದ ಹಾಗಿದೆ. ಆದರೂ ಬಂದವಳನ್ನು ಕಂಡೊಡನೆ "ಸೊರಗಿ ಹೋಗಿದೀಯಲ್ಲೇ" ಎಂದು ನನಗೇ ಬೈದಳು. ಮೊದಲು ಇದನ್ನು ಬರೆದೆ, ಯಾಕೆಂದರೆ ಇದು ನಿಮ್ಮಿಂದಾದದ್ದು.

ಈಗ ಉಳಿದದ್ದು. ನೀವು ನಮ್ಮ ಹೊಸಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಫೋನು ಬಂತು. ನಿಮ್ಮ ಕಿವಿ ಮಂದ, ಫೋನಿನ ದನಿ ಜೋರು. "ನಿಮ್ಮ ಯಜಮಾನ್ರು ಇವತ್ತೂ ಊಟ ಬೇಡ ಅಂತಿದ್ದಾರೆ, ಗಂಜಿ ಕೊಡೋಣ್ವಾ?" ಆರೈಕೆ ಮನೆಯವರು! ಯಾವಾಗಿನಿಂದ ಎಂದು ಕೇಳಿದರೆ, ಎರಡನೆಯ ಬೂಟನ್ನು ಎಳೆಯುತ್ತ "ಆಗಸ್ಟ್" ಅಂದಿರಿ. ಬಸ್ಸು ತಪ್ಪಿ ಹೋಗುತ್ತಿತ್ತು, ಇಲ್ಲದಿದ್ದರೆ ಅಲ್ಲೇ ಮಾತಾಡುತ್ತಿದ್ದೆ.

ಹಾಗಾದರೆ ಅಂಗಳದ ತುಂಬ ಹೊದಿಕೆ ಹರಡಿದ್ದು ಯಾರು? ಕಳ್ಳಿ ಎಂದು ಕೂಗಿದ್ದು ಯಾರು? ನನ್ನನ್ನು ನೋಡಿ ಕಲಿ ಅಂದಿರಲ್ಲ! ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಆ ಗುನ್ಸಾನಿನ ಹೆಂಗಸಿಗೆ ನೀವು ಅಂದ ಮಾತು ನೆನಪಾದಾಗಲೆಲ್ಲ, ನಾನೂ ಅತ್ತೆಯನ್ನು ಬಿಡಲು ಹೊರಟವಳೇ ಎಂದು ತಲೆ ತಗ್ಗಿಸುತ್ತಿದ್ದೆ. ಬೈಯುವುದಕ್ಕೆಂದು ಮಾಡಿಕೊಂಡ ಅಕ್ಕ ನೀವು. ನಿಮ್ಮ ಹತ್ತಿರವೂ ನಾಟಕವೇ? ನಿಮ್ಮ ಲಂಗ ಎಷ್ಟು ಅಗಲ ಅಕ್ಕ?

ವಾರ ಮುಗಿದ ಕೂಡಲೇ ಬರುತ್ತೇನೆ. ನಿಮ್ಮ ಋಣ ನನಗೆ ಬೇಡ.

ಮಿರಾನ್


ಆಂದೋಂಗ್
೨೫ ನವೆಂಬರ್ ೨೦೧೮

ಮಿರಾನ್,

ಹೌದು, ಬಿಟ್ಟೆ. ಏನೀಗ? ಆಗಸ್ಟ್‌ನಲ್ಲಿ ಬೂಟು ಹಾಕಿಕೊಂಡೇ ಸಮುದ್ರಕ್ಕೆ ನಡೆದುಬಿಟ್ಟ, ಪಾಚಿ ಬೆಳೆಯುವ ಹಗ್ಗ ನೋಡಿಕೊಂಡು ಬರುತ್ತೇನೆಂದು. ಕುತ್ತಿಗೆವರೆಗಿನ ನೀರಿನಲ್ಲಿ ಹೋಗಿ ಎಳೆದು ತಂದೆ. ಅವನು ಬರಲೊಲ್ಲ, ನಾನು ಬಿಡಲೊಲ್ಲೆ. ನನ್ನ ಭುಜ ಕಳಚಿತು. ಒಂದು ಕೈಯಲ್ಲಿ ಅವನನ್ನು ಎತ್ತುವುದು ಹೇಗೆ ಹೇಳು. ಮಗ ಮುಖ ತಿರುಗಿಸಿ ನಿಂತ, ಆರೈಕೆ ಮನೆಯ ಕಾಗದಕ್ಕೆ ನಾನೇ ಸಹಿ ಹಾಕಿದೆ. ಹೊದಿಕೆ ಹರಡುತ್ತಿದ್ದುದು ನಿಜ, ಜುಲೈಯಲ್ಲಿ. ಅಕ್ಟೋಬರಿನಲ್ಲಿ ಮನೆಯಲ್ಲಿ ಸದ್ದೇ ಇರಲಿಲ್ಲ, ಏನು ಬರೆಯಲಿ ನಿನಗೆ? ಬೈಯುವುದಕ್ಕೆ ಯಾರೂ ಉಳಿದಿಲ್ಲ ಎಂದು ಬರೆಯಲೇ? ನಿನ್ನ ಕ್ಷಮೆ ನನಗೆ ಬೇಡ. ಸಿಟ್ಟು ಮಾಡಿಕೋ, ಅದು ನಿನ್ನ ಹಕ್ಕು.

ಈಗ ನಿಮ್ಮತ್ತೆಯ ವಿಷಯ. ನನ್ನನ್ನು ಒಂದು ಕಡ್ಡಿ ಎತ್ತಲೂ ಬಿಡುವುದಿಲ್ಲ. "ನೀವು ಕೂತ್ಕೊಳ್ಳಿ, ನೀವು ಅತಿಥಿಗಳು" ಎಂದು ನನ್ನ ಬೆನ್ನಿಗೆ ಮೆತ್ತೆ ತಂದು ಇಡುತ್ತಾರೆ. ನಲವತ್ತು ವರ್ಷದಿಂದ ನನಗೆ ಒಬ್ಬರೂ ಬಡಿಸಿರಲಿಲ್ಲ ಕಣೇ. ಮೊದಲನೆಯ ದಿನ ಆ ಮೇಜನ್ನು ನನ್ನ ಮುಂದೆ ಇಟ್ಟಾಗ ಹಸಿ ಅಕ್ಕಿ ಅಗಿಯುತ್ತ ಅತ್ತುಬಿಟ್ಟೆ. ಯಾಕೆ ಅಳು ಬಂತೋ, ಸಿಟ್ಟೇ ಬಂದಿತ್ತು ನನಗೆ. ಅವರು ಒಳಗೆ ತಿರುಗಿದ ಮೇಲೆ ನಾನೇ ಎದ್ದು ಅನ್ನ ಮಾಡಿ, ನೀವು ಬಡಿಸಿದ್ದು ಹೆಚ್ಚಾಯಿತು, ನೀವೂ ಉಣ್ಣಿ ಎಂದು ಅವರಿಗೇ ಉಣಿಸುತ್ತೇನೆ. ಬಟ್ಟೆ ಒದ್ದೆಯಾದರೆ, "ನನ್ನ ಮೇಲೆ ನೀರು ಚೆಲ್ಲಿಕೊಂಡೆ, ಇಬ್ಬರೂ ಬದಲಾಯಿಸೋಣ" ಅನ್ನುತ್ತೇನೆ. ಒಪ್ಪುತ್ತಾರೆ.

ನಿನ್ನೆ ನಿನ್ನ ನಾದಿನಿ ಬಂದಳು. ಸೊಸೆ ಓಡಿಹೋದಳು, ಮನೆಯಲ್ಲಿ ಯಾರೋ ವಾಂದೊ ದ್ವೀಪದ ಹೆಂಗಸು ಕೂತಿದ್ದಾಳೆ ಎಂದು ಊರವರು ಸುದ್ದಿ ಮುಟ್ಟಿಸಿದ್ದಾರೆ. ಬಾಗಿಲಲ್ಲೇ, "ಯಾರ್ರೀ ನೀವು? ನಮ್ಮತ್ತಿಗೆ ಎಲ್ಲಿ?" ಎಂದು ಶುರು. ಅಷ್ಟರಲ್ಲಿ ಅತ್ತೆ ಬಂದು ಬಗ್ಗಿ ನಮಸ್ಕರಿಸಿ, ಅವಳನ್ನು ನನ್ನ ಪಕ್ಕ ಕೂರಿಸಿದರು. ಅಂಥದ್ದೇ ಮೆತ್ತೆ, ಅಂಥದ್ದೇ ಮಾತು, "ದೂರದಿಂದ ಬಂದಿದ್ದೀರಿ, ಬಾಯಾರಿರ್ತೀರಿ." ಆಮೇಲೆ ಅವಳ ಮುಂದೊಂದು ಮೇಜು, ನನ್ನ ಮುಂದೊಂದು ಮೇಜು. ಅಡುಗೆಮನೆಯ ಬಾಗಿಲು ನನಗೂ ಕಾಣುತ್ತಿತ್ತು. ನಾನು ಏಳಲಿಲ್ಲ.

ಮುಚ್ಚಳ ತೆಗೆದಳು. "ಏನಿದು? ಹಸೀ ಅಕ್ಕಿ! ಅಮ್ಮಂಗೆ ಏನ್ರೀ ಮಾಡಿದ್ರಿ ನೀವು?"

"ತಿನ್ನಿ" ಅಂದೆ, "ನಾನು ಐದು ದಿನದಿಂದ ತಿಂತಿದೀನಿ. ನಿಮ್ಮತ್ತಿಗೆ ಒಳಗಿಂದ ಬದಲಾಯಿಸಿ ಕಳಿಸ್ತಿದ್ಲು. ಅವಳಿಲ್ಲ ಈಗ."

ಅಮ್ಮಾ, ನಾನಮ್ಮಾ ಎಂದು ಅವಳು ಕೈ ಹಿಡಿದುಕೊಂಡಳು. ನಿಮ್ಮತ್ತೆ ಆ ಕೈಯನ್ನು ಮೆಲ್ಲನೆ ಬಿಡಿಸಿ, ಮೇಲೆ ತಟ್ಟಿ, "ಕೆಲಸದವಳು ಊರಿಗೆ ಹೋಗಿದಾಳೆ, ಊಟ ರುಚಿ ಇಲ್ಲ, ಬೇಜಾರು ಮಾಡ್ಕೋಬೇಡಿ. ನಿಮಗೆ ಮಕ್ಕಳೆಷ್ಟು? ನಂಗೂ ಒಬ್ಳು ಮಗಳಿದ್ದಾಳೆ. ಅವಳು ಬರೋದೇ ಇಲ್ಲ" ಅಂದರು.

ಮಿರಾನ್, ನಾನು ಎಂಥೆಂಥ ಮುಖ ನೋಡಿದ್ದೇನೆ, ಆ ಮುಖ ನೋಡಲಾಗಲಿಲ್ಲ. ಆಮೇಲೆ ಹೊರಗೆ ಬಂದು ನನ್ನ ಮೇಲೆಯೇ ಹಾರಿದಳು. "ಅತ್ತಿಗೆ ಯಾಕೆ ನಂಗೆ ಹೇಳ್ಲಿಲ್ಲ?" "ಹೇಳಿದ್ಲಲ್ಲ. ಫೋನಲ್ಲಿ ಅತ್ಲಲ್ಲ. ಇನ್ನೇನು, ದೇಗುವರೆಗೂ ಡೋಲು ಹೊಡ್ಕೊಂಡ್ ಬರ್ಬೇಕಿತ್ತಾ?" ಅಂದೆ. ಇಬ್ಬರೂ ಅಂಗಳದಲ್ಲಿ ನಿಂತು ಊರು ಕೇಳುವ ಹಾಗೆ ಕೂಗಾಡಿದೆವು. ಮುಚ್ಚಿಟ್ಟದ್ದೆಲ್ಲ ಬೀದಿಗೆ ಬಂತು. ಒಳ್ಳೆಯದಾಯಿತು. ದರ್ಜೆಗೆ ಮತ್ತೆ ಅರ್ಜಿಯನ್ನು ಅವಳ ಕೈಯಲ್ಲೇ ಹಾಕಿಸಿದ್ದೇನೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಫೋನು ಮಾಡಿದರೆ ನೀನು ಅದೇ ಬಸ್ಸಿಗೆ ಓಡಿ ಬರುತ್ತೀಯ. ಪತ್ರ ತಲುಪಲು ಎರಡು ದಿನ. ಆ ಎರಡು ದಿನ ನಿನ್ನಮ್ಮನಿಗೆ.

ನಾನು ನಾಳೆ ಹೊರಡುತ್ತೇನೆ. ಮುದುಕಪ್ಪ ಗಂಜಿಯನ್ನೂ ಮುಟ್ಟುತ್ತಿಲ್ಲವಂತೆ. ನಿನ್ನ ನಾದಿನಿ ಇಲ್ಲೇ ಇದ್ದಾಳೆ. ಎಷ್ಟು ದಿನ ಇರುತ್ತಾಳೋ ಕಾಣೆ.

ಬೊಕ್‌ನಿಮ್


ಉಲ್ಜಿನ್
೩೦ ನವೆಂಬರ್ ೨೦೧೮

ಅಕ್ಕ,

ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ. ಭುಜ ಕಳಚಿದ್ದನ್ನು ಮೂರು ತಿಂಗಳು ಬರೆಯದವಳ ಮೇಲೆ ಇನ್ನೂ ಹೆಚ್ಚೇ ಬಂದಿದೆ. ಆ ಕೈಯಲ್ಲೇ ನಮ್ಮತ್ತೆಯ ಬಟ್ಟೆ ಬದಲಾಯಿಸಿದಿರಾ?

ತಮ್ಮನ ದೋಣಿಯ ಏಡಿ ಬೇಯಿಸಿ ಕಳಿಸುತ್ತಿದ್ದೇನೆ. ನಾಲ್ಕು ನಿಮಗೆ, ನಾಲ್ಕು ಬಾವನಿಗೆ. ಗಂಜಿ ಬೇಡವೆಂದರೆ ಏಡಿ ಬಿಡಿಸಿ ಬಾಯಿಗಿಡಿ. ಸಮುದ್ರದವರು ಸಮುದ್ರದ್ದನ್ನು ಬೇಡ ಅನ್ನುವುದಿಲ್ಲ. ಗುನ್ಸಾನಿನ ಹೆಂಗಸಿನ ವಿಳಾಸ ಶಿಬಿರದವರ ಹತ್ತಿರ ಇದೆ. ಅವಳಿಗೂ ಬರೆಯಿರಿ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ, ಉಪದೇಶ ನಮ್ಮ ಒಪ್ಪಂದದಲ್ಲಿಲ್ಲ.

ಅಮ್ಮನಿಗೆ ಈಗ ನೀರು ಮಾತ್ರ ಇಳಿಯುತ್ತದೆ, ಅದೂ ಹತ್ತಿಯಲ್ಲಿ ಅದ್ದಿ ಕೊಟ್ಟರೆ. ಬಸ್ಸಿಗೆಂದು ಚೀಲ ಕಟ್ಟಿದ್ದೆ. ನಿನ್ನೆ ಅದನ್ನು ಬಿಚ್ಚಿ ಬಟ್ಟೆಗಳನ್ನು ಗೂಡಿನಲ್ಲಿಟ್ಟೆ.

ಇವತ್ತು ಬೆಳಿಗ್ಗೆ ನಾದಿನಿಯ ಫೋನು. ದನಿ ಒಡೆದು ಹೋಗಿತ್ತು. "ಅತ್ತಿಗೆ, ಅಮ್ಮ ನನ್ನನ್ನ ಸೌಟಿನಲ್ಲಿ ಹೊಡೆದ್ರು. ಕೆಲಸದವಳು ಅಂದ್ರು. ನೀವು ಯಾವಾಗ ಬರ್ತೀರಿ?"

"ಈಗ ಬರಲ್ಲ" ಅಂದೆ.

"ಹಾಗಂದ್ರೆ ಹೇಗೆ? ಗಂಡ ಮಕ್ಕಳು ಅಲ್ಲಿ ಬಿದ್ದಿದ್ದಾರೆ. ನಂಗೆ ಏನೂ ಗೊತ್ತಾಗಲ್ಲ. ಸೋಮವಾರ ಕಚೇರಿಯೋರು ಪರೀಕ್ಷೆಗೆ ಬರ್ತಾರಂತೆ. ಮನೆ ಒರೆಸ್ಲಾ, ಬೇಡ್ವಾ?"

"ಒರೆಸ್ಬೇಡಿ. ಮೆತ್ತೇನೂ ಹಾಕ್ಬೇಡಿ. ಅಡುಗೆಮನೇಲಿ ನೆಲದ ಮೇಲೆ ಕೂರಿಸಿ, ಅಲ್ಲೇ ನೋಡ್ಲಿ."

"ಅತ್ತಿಗೆ, ದಮ್ಮಯ್ಯ, ಎರಡೇ ದಿನಕ್ಕಾದ್ರೂ ಬನ್ನಿ. ಅವರು ನಿಮ್ಮತ್ತೆ ಅಲ್ವಾ?"

ಆಗ ನನ್ನ ಬಾಯಿಂದ ಬಂದದ್ದನ್ನು ನಿಮಗೆ ಬರೆಯಲೇಬೇಕು, ಅದಕ್ಕೇ ಈ ಪತ್ರ. "ನಿಮ್ಮಮ್ಮನ್ನ ನೀವು ನೋಡ್ಕೊಳ್ಳಿ" ಅಂದೆ. "ನಾನು ನಮ್ಮಮ್ಮನ್ನ ನೋಡ್ಕೋತಾ ಇದೀನಿ." ಫೋನು ಇಟ್ಟೆ. ಮತ್ತೆ ಎತ್ತಿಕೊಳ್ಳಲಿಲ್ಲ.

ಅಮ್ಮ ಕಣ್ಣು ಬಿಟ್ಟು, "ಯಾರದೇ ಫೋನು?" ಎಂದು ಕೇಳಿದಳು.

"ರಾಂಗ್ ನಂಬರ್ ಅಮ್ಮ" ಅಂದೆ.

ಮಿರಾನ್